ಅವ್ವನ ಕಸಬರಿಗೆ ಮತ್ತು ಪುಲಿಗೆರೆಯ ಸೋಮೇಶ್ವರ

ನಮ್ಮ ಪೂಜ್ಯ ತಾಯಿಯವರು ಲಿಂಗೈಕ್ಯರಾದುದು ಕಾರ್ತಿಕ ಮಾಸದಲ್ಲಿ. ವರ್ಷ ತುಂಬುವುದಕ್ಕೆ ಇನ್ನೂ ಮೂರು ತಿಂಗಳಿರುವಾಗಲೇ, ಅಂದರೆ ಶ್ರಾವಣದ ಆರಂಭದಲ್ಲಿ, ಅವರ ಪುಣ್ಯಸ್ಮರಣೆಯನ್ನು ಯಾವ ರೀತಿ ಆಚರಿಸಬೇಕೆಂದು ಮನೆಮಂದಿಯೆಲ್ಲ ಕೂಡಿ ವಿಚಾರ ಮಾಡಿದೆವು. ಮುಂಡರಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕಲ್ಮೇಶ್ವರನ ಹಳೆಯ ಗುಡಿಯೊಂದಿದೆ. ಅವ್ವ ಮದುವೆಯಾಗಿ ಬಂದ ದಿನದಿಂದ ಕಾಲು ಸೋಲುವವರೆಗೂ ಪ್ರತಿ ಸೋಮವಾರ ಆ ಗುಡಿಗೆ ಹೋದವರು. ಅಣ್ಣನವರು ತಮ್ಮ ನಿಶ್ಚಯವನ್ನು ಹೇಳಿಯೇಬಿಟ್ಟರು. "ತಮ್ಮಾ, ಅವ್ವನ ಹೆಸರಿಲೆ ಗುಡಿಯೊಳಗೆಲ್ಲಾ ಗ್ರಾನೈಟ್ ಹಾಸಿಸೂಣು. ಕಂಬಕ್ಕ, ಗ್ವಾಡಿಗೆ ಚಲೋ ಬಣ್ಣಾ ಹಚ್ಚಿಸೂಣು. ಒಂದು ಕಲ್ಲಿನ ಮ್ಯಾಲೆ ಅವ್ವನ ಹೆಸರು ಇರಲಿ."

ಎಲ್ಲರೂ ಒಪ್ಪಿದರು. ನನ್ನ ಬಾಯಿಂದ ಮಾತ್ರ ಹೂಂ ಎಂಬ ಮಾತು ಹೊರಡಲಿಲ್ಲ. ಹಣದ ಮೇಲಿನ ಆಸೆಯಿಂದ ನಾನು ಸುಮ್ಮನಾದೆನೆಂದು ಅಣ್ಣನವರು ತಿಳಿದಂತೆ ತೋರಿತು. ನನ್ನ ಮೌನಕ್ಕೆ ಬೇರೆಯೇ ಕಾರಣವಿತ್ತು. ನಲವತ್ತು ವರ್ಷಗಳ ಹಿಂದೆ ಅದೇ ಗುಡಿಯಲ್ಲಿ ನನ್ನ ಕೈಯಿಂದಲೇ ಆದ ತಪ್ಪೊಂದಿದೆ. ಅದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಈಗ ಈ ಪತ್ರಿಕೆಯ ಬಂಧುಗಳ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

1984ರಲ್ಲಿ ನಮ್ಮ ಹೊಲದಲ್ಲಿ ಶೇಂಗಾ ಬೆಳೆ ಚೆನ್ನಾಗಿ ಬಂದಿತ್ತು. ತಂದೆಯವರು ಹರಕೆ ಹೊತ್ತಿದ್ದರು. ಅದರಂತೆ ಮುಂಡರಗಿಯಿಂದ ಎಣ್ಣೆಬಣ್ಣದ ಡಬ್ಬಿಗಳನ್ನು ತರಿಸಿ, ಗುಡಿಗೆ ಬಣ್ಣ ಬಳಿಯುವ ಕೆಲಸವನ್ನು ನನಗೆ ಒಪ್ಪಿಸಿದರು. ಆಗ ನನಗೆ ಇಪ್ಪತ್ತೆರಡು ವರ್ಷ. ಬಾಗಿಲವಾಡಕ್ಕೆ ಹಸಿರು, ನಂದಿಗೆ ಬಿಳಿ, ಕಂಬಗಳಿಗೆ ನೀಲಿ ಬಳಿದೆ. ಗುಡಿಯ ಬಲಮಗ್ಗುಲಿಗೆ ಎದೆಯೆತ್ತರದ ಕಲ್ಲೊಂದು ನಿಂತಿತ್ತು. ಅದರ ತಲೆಯ ಭಾಗದಲ್ಲಿ ಲಿಂಗ, ಸೂರ್ಯಚಂದ್ರರು, ಆಕಳು ಮತ್ತು ಕರು; ಕೆಳಗೆ ಸಾಲುಸಾಲಾಗಿ ಹಳಗನ್ನಡದ ಅಕ್ಷರಗಳು. ಆ ಅಕ್ಷರಗಳ ತಗ್ಗಿನಲ್ಲಿ ಬಣ್ಣವು ಸರಿಯಾಗಿ ಕೂಡುತ್ತಿರಲಿಲ್ಲ. ಕಲ್ಲು ನುಣ್ಣಗೆ ಕಾಣಲೆಂದು ಎರಡು ಸಲ, ಮೂರು ಸಲ ಬಳಿದೆ. ಊರವರೆಲ್ಲ ಮೆಚ್ಚಿದರು.

ಕೆಲವು ವರ್ಷಗಳ ಅನಂತರ ಧಾರವಾಡದ ಕಡೆಯಿಂದ ಶಾಸನಗಳ ಅಭ್ಯಾಸಿಯೊಬ್ಬರು ಕಾಗದ, ಮಸಿ, ಕುಂಚಗಳೊಡನೆ ನಮ್ಮೂರಿಗೆ ಬಂದರು. ಕಲ್ಲಿನ ಪಡಿಯಚ್ಚು ತೆಗೆಯಲು ಮಧ್ಯಾಹ್ನದವರೆಗೂ ಪ್ರಯತ್ನಿಸಿದರು. ಕೊನೆಗೆ ಅವರು ಯಾರ ಮೇಲೂ ಸಿಟ್ಟಾಗದೆ, "ಇಲ್ಲಿ ಬರಹ ಇದೆ ಎಂಬುದು ತಿಳಿಯುತ್ತದೆ, ಏನು ಬರಹ ಎಂಬುದು ತಿಳಿಯುವುದಿಲ್ಲ" ಎಂದು ಹೇಳಿ ನೀರು ಕುಡಿದು ಹೊರಟುಹೋದರು. ನಾನು ಅಲ್ಲಿಯೇ ನಿಂತಿದ್ದೆ. ಬಣ್ಣ ಬಳಿದವನು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ.

ನಾನು ವಿದ್ವಾಂಸನಲ್ಲ. ಗದಗಿನ ಅಡತಿ ಅಂಗಡಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದು ಈಗ ಬೆಟಗೇರಿಯಲ್ಲಿ ವಿಶ್ರಾಂತ ಜೀವನ ನಡೆಸುತ್ತಿರುವವನು. ಕೀರ್ದಿ, ಖತಾವಣಿಗಳ ಬೆಲೆ ನನಗೆ ಗೊತ್ತು. ಒಂದು ಹಾಳೆ ಹರಿದರೆ ಒಬ್ಬ ರೈತನ ವರ್ಷದ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಶಾಸನವೆಂದರೂ ಒಂದು ಖಾತೆಯೇ ಎಂಬ ಮಾತು ನನಗೆ ತಿಳಿದುದು ಬಹಳ ತಡವಾಗಿ. ಯಾರ ಆಳ್ವಿಕೆಯಲ್ಲಿ, ಯಾವ ತಿಥಿಯಲ್ಲಿ, ಯಾರು, ಯಾರ ಕೈಗೆ, ಎಷ್ಟು ಭೂಮಿ ಕೊಟ್ಟರು, ಅದರ ಎಲ್ಲೆ ಯಾವುದು, ಅದರ ಉತ್ಪನ್ನ ಯಾವುದಕ್ಕೆ ವಿನಿಯೋಗವಾಗಬೇಕು ಎಂಬುದೆಲ್ಲ ಅದರಲ್ಲಿ ಕ್ರಮವಾಗಿ ಬರೆದಿರುತ್ತದೆ. ಅಂತಹ ಖಾತೆಯ ಹಾಳೆಯೊಂದನ್ನು ನಾನು ಮೂರು ಪದರ ಬಣ್ಣದಿಂದ ಮುಚ್ಚಿದ್ದೆ.

ಅಣ್ಣನವರಿಗೆ ಬರಿಯ ಮಾತಿನಿಂದ ತಿಳಿಸುವುದು ಕಷ್ಟ. ಆದುದರಿಂದ, "ಅವ್ವ ವರ್ಷಾ ಶ್ರಾವಣದಾಗ ಲಕ್ಷ್ಮೇಶ್ವರದ ಸೋಮೇಶ್ವರಗ ಹೋಗ್ತಿದ್ದಳು. ಈ ಸರತಿ ನಾವು ಹೋಗೂಣಣ್ಣಾ. ಸುತ್ತಾದರೂ ಆಗವಲ್ದ್ಯಾಕ, ಡಂಬಳ ನೋಡಿಕೊಂಡು ಹೋಗೂಣು" ಎಂದೆ. ಅವರು ಒಪ್ಪಿದರು. ಮೂರನೆಯ ಸೋಮವಾರ ನಾವಿಬ್ಬರು, ಅತ್ತಿಗೆಯವರು ಹಾಗೂ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮೊಮ್ಮಗಳು, ಹೀಗೆ ನಾಲ್ವರು ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಟೆವು.

ಮೊದಲು ಗದಗಿನ ತ್ರಿಕೂಟೇಶ್ವರನ ದರ್ಶನ ಪಡೆದೆವು. ಒಂದೇ ಪೀಠದ ಮೇಲೆ ಬ್ರಹ್ಮ, ವಿಷ್ಣು, ಮಹೇಶ್ವರರ ಸ್ವರೂಪವೆಂದು ಪೂಜೆಗೊಳ್ಳುವ ಮೂರು ಲಿಂಗಗಳಿರುವುದು ಈ ಕ್ಷೇತ್ರದ ವೈಶಿಷ್ಟ್ಯ. ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳ ಕುಸುರಿ ಕೆಲಸವನ್ನು ನೋಡಿ ಅತ್ತಿಗೆಯವರು, "ಇದು ಕಲ್ಲೋ, ಕಸೂತಿಯೋ?" ಎಂದು ಬೆರಗಾದರು. ಹೊಯ್ಸಳ ಇಮ್ಮಡಿ ಬಲ್ಲಾಳನು 1192ರಲ್ಲಿ ಇಲ್ಲಿಯ ಆಚಾರ್ಯರಾದ ಸಿದ್ಧಾಂತಿ ಚಂದ್ರಭೂಷಣ ಪಂಡಿತರಿಗೆ ದತ್ತಿ ಬಿಟ್ಟುದು ಶಾಸನದಿಂದ ತಿಳಿದುಬರುತ್ತದೆ. ಆ ಕಾಲದ ದಾನಶಾಸನಗಳಲ್ಲಿ ದತ್ತಿಯ ಉದ್ದೇಶವನ್ನು ಹೇಳುವಾಗ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ದೇವರ ಅಭಿಷೇಕ, ಧೂಪದೀಪ, ನೈವೇದ್ಯಗಳಿಗೆ ಅಂಗಭೋಗ; ಹಾಡು, ವಾದ್ಯ, ನೃತ್ಯಗಳಿಗೆ ರಂಗಭೋಗ; ತಪೋಧನರಿಗೆ ಆಹಾರದಾನ; ಓದುವವರಿಗೆ ವಿದ್ಯಾದಾನ. ಇವುಗಳೊಂದಿಗೆ ತಪ್ಪದೆ ಬರುವ ಇನ್ನೊಂದು ಮಾತು ಖಂಡಸ್ಫುಟಿತ ಜೀರ್ಣೋದ್ಧಾರ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಅವೆರಡನ್ನೂ ಸರಿಪಡಿಸುವುದೇ ಜೀರ್ಣೋದ್ಧಾರ. ನಾವಾದರೋ ಇರುವುದನ್ನು ಮುಚ್ಚಿ ಹೊಸದು ಮಾಡುವುದಕ್ಕೆ ಆ ಹೆಸರನ್ನು ಬಳಸುತ್ತಿದ್ದೇವೆ.

ಅಲ್ಲಿಂದ ಡಂಬಳ. ಗದಗಿನಿಂದ ಸುಮಾರು ಇಪ್ಪತ್ತು ಕಿಲೋಮೀಟರು ಆಗ್ನೇಯಕ್ಕಿರುವ ಮುಂಡರಗಿ ತಾಲೂಕಿನ ಈ ಊರಿನ ಹೆಸರು ನಮ್ಮ ಸಮಾಜದವರೆಲ್ಲರಿಗೂ ತೋಂಟದಾರ್ಯ ಮಠದ ಪರಂಪರೆಯಿಂದ ಪರಿಚಿತವೇ ಆಗಿದೆ. ಆದರೆ ಊರ ಬದಿಯಲ್ಲಿರುವ ದೊಡ್ಡಬಸಪ್ಪನ ಗುಡಿಯನ್ನು ಮನಸ್ಸಿಟ್ಟು ನೋಡಿದವರು ಕಡಿಮೆ. ಕಲ್ಯಾಣ ಚಾಲುಕ್ಯ ಶೈಲಿಯ ಹನ್ನೆರಡನೆಯ ಶತಮಾನದ ಈ ದೇಗುಲ ಬಳಪದ ಕಲ್ಲಿನದು. ಎದುರಿಗಿರುವ ದೊಡ್ಡ ನಂದಿಯಿಂದಲೇ ಗುಡಿಗೆ ಈ ಹೆಸರು ಬಂದಿದೆ. ಒಳಗೆ ಪೂಜೆಗೊಳ್ಳುವುದು ಲಿಂಗ.

ಗರ್ಭಗೃಹದ ಹೊರಸುತ್ತು ನಕ್ಷತ್ರದಂತಿದೆ. ಒಟ್ಟು 24 ಮೂಲೆಗಳು. ಇದನ್ನು ಯಾವ ರೀತಿ ಗೀಚಿದರೆಂದು ಅಣ್ಣನವರು ಕೇಳಿದರು. ಮೊಮ್ಮಗಳು ನೆಲದ ಮೇಲೆ ಕಡ್ಡಿಯಿಂದ ಚೌಕವೊಂದನ್ನು ಬರೆದಳು. ಅದರ ನಡುಬಿಂದುವನ್ನು ಕದಲಿಸದೆ ಚೌಕವನ್ನು ಹದಿನೈದು ಅಂಶ ತಿರುಗಿಸಿ ಇನ್ನೊಂದು ಬರೆದಳು. ಹಾಗೆಯೇ ತಿರುಗಿಸುತ್ತ ಆರು ಚೌಕಗಳಾದಾಗ, ನಾಲ್ಕಾರಲೆ ಇಪ್ಪತ್ತನಾಲ್ಕು ಮೂಲೆಗಳು ಒಂದು ದುಂಡಿನಲ್ಲಿ ಕೂಡಿಬಂದವು. "ಅಜ್ಜಾ, ಒಂದು ಗೂಟ, ಒಂದು ಹಗ್ಗ ಇದ್ದರ ಸಾಕು. ಆದರ ಕೆಳಗಿನ ಮೂಲಿ ಮ್ಯಾಲಿನ ತನಕಾ ತಪ್ಪಲಾರದಂಗ ತರೋದು ಐತಲ್ಲಾ, ಅದು ಕಠಿಣ" ಎಂದಳು. ನಿಜ. ಅಧಿಷ್ಠಾನದಲ್ಲಿ ಆರಂಭವಾದ ಆ ಮೂಲೆಗಳು ಭಿತ್ತಿಯನ್ನು ದಾಟಿ ಶಿಖರದ ಅಂತಸ್ತುಗಳವರೆಗೂ ಏರುತ್ತವೆ. ಒಂದು ಕಲ್ಲು ಬೆರಳಗಲ ತಪ್ಪಿದ್ದರೂ ಮೇಲಿನದೆಲ್ಲ ತಪ್ಪುತ್ತಿತ್ತು.

ಬಳಪದ ಕಲ್ಲು ಹೊಸದಾಗಿ ಕಿತ್ತಾಗ ಮೃದುವಾಗಿರುತ್ತದೆ. ಆದುದರಿಂದಲೇ ಕಂಬಗಳನ್ನು ತಿರುಗಣೆಯಲ್ಲಿ ಕಡೆಯಲು, ಬಾಗಿಲವಾಡದಲ್ಲಿ ಎಳೆಎಳೆಯಾಗಿ ಬಳ್ಳಿಗಳನ್ನು ಕೆತ್ತಲು ಸಾಧ್ಯವಾಯಿತು. ಆದರೆ ಅಂತಹ ಕಲ್ಲಿಗೆ ನಮ್ಮ ಉಪದ್ರವವೂ ಬೇಗ ತಾಗುತ್ತದೆ. ಎಣ್ಣೆ ಸುರಿದರೆ ಧೂಳು ಹಿಡಿದು ಕಪ್ಪು ಜಿಡ್ಡು ಕಟ್ಟುತ್ತದೆ. ಎಣ್ಣೆಬಣ್ಣ ಬಳಿದರೆ ಕಲ್ಲಿನೊಳಗಿನ ತೇವಕ್ಕೆ ಹೊರಬರುವ ದಾರಿ ಕಟ್ಟುತ್ತದೆ. ತೇವದ ಜೊತೆಗೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಮೈಯನ್ನು ಹೊಪ್ಪಳಿಕೆಯಾಗಿ ಎಬ್ಬಿಸುತ್ತದೆ. ಹಾಸುಗಲ್ಲಿನ ಮೇಲೆ ಸಿಮೆಂಟು ಹಾಕಿ ಗ್ರಾನೈಟು ಕೂಡಿಸಿದರೆ ನೆಲದ ತೇವವು ಸಂದುಗಳಿಂದ ಏಳಲಾರದೆ ಗೋಡೆ, ಕಂಬಗಳ ಬುಡವನ್ನೇ ಏರುತ್ತದೆ. ಇದನ್ನೆಲ್ಲ ನಾನು ಓದಿ ತಿಳಿದದ್ದನ್ನು ಅಣ್ಣನವರಿಗೆ ಹೇಳಿದೆ. ಅವರು ಮಾತನಾಡದೆ ಬಾಗಿಲವಾಡದ ಮುಂದೆ ಬಹಳ ಹೊತ್ತು ನಿಂತರು. ಅನಂತರ, "ನಮ್ಮ ಗುಡಿ ಬಾಗಲಾನೂ ಹಿಂಗ ಐತೇನು?" ಎಂದು ಕೇಳಿದರು. "ಇಷ್ಟು ದೊಡ್ಡದಲ್ಲಣ್ಣಾ. ಆದರ ಬಣ್ಣದ ಕೆಳಗ ಬಳ್ಳಿ ಐತಿ. ಸಣ್ಣವಿದ್ದಾಗ ನಾನು ಬೆರಳಾಡಿಸೇನಿ" ಎಂದೆ. ಬಣ್ಣ ಬಳಿದ ಸಂಗತಿಯನ್ನೂ ಶಾಸನದ ಕಲ್ಲಿನ ಸಂಗತಿಯನ್ನೂ ಅಲ್ಲಿಯೇ ಪೂರ್ತಿಯಾಗಿ ಹೇಳಿಬಿಟ್ಟೆ.

ಡಂಬಳದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಇಲ್ಲಿಯ 1095ರ ಶಾಸನವೊಂದು ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅದರಲ್ಲಿ ಇಲ್ಲಿಯ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ಮತ್ತು ತಾರಾದೇವಿಯ ವಿಹಾರದ ಉಲ್ಲೇಖವಿದೆ. ಕಲ್ಲಿನ ಮೇಲೆ ಬರಹ ಉಳಿದಿರದಿದ್ದರೆ, ಇಂದು ಬೌದ್ಧರೇ ಇಲ್ಲದ ಈ ಊರಿನಲ್ಲಿ ಒಂದು ಕಾಲಕ್ಕೆ ಅವರ ಗುಡಿಯೂ ಇತ್ತೆಂದು ಯಾರು ನಂಬುತ್ತಿದ್ದರು? ನಮ್ಮೂರಿನ ಕಲ್ಲಿನ ಕೆಳಗೆ ಯಾರ ಹೆಸರಿದೆಯೋ ಎಂಬ ವಿಚಾರ ಆ ದಿನವೆಲ್ಲ ನನ್ನ ಮನಸ್ಸಿನಿಂದ ಹೋಗಲಿಲ್ಲ.

ದಾರಿಯಲ್ಲಿ ಶಿರಹಟ್ಟಿಯ ಫಕೀರೇಶ್ವರ ಮಠದ ಗದ್ದುಗೆಗೆ ನಮಸ್ಕರಿಸಿದೆವು. ಹಿಂದೂಗಳೂ ಮುಸಲ್ಮಾನರೂ ಒಂದೇ ಭಾವದಿಂದ ನಡೆದುಕೊಳ್ಳುವ ಈ ಮಠದ ಹೆಸರಿನಲ್ಲಿಯೇ ಎರಡೂ ಕೂಡಿವೆ. ಊರ ಹೊರಗೆ ಬೇವಿನ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ಇಳಿಹೊತ್ತಿಗೆ ಲಕ್ಷ್ಮೇಶ್ವರವನ್ನು ಸೇರಿದೆವು.

ಲಕ್ಷ್ಮೇಶ್ವರವೆಂದರೆ ಪ್ರಾಚೀನ ಪುಲಿಗೆರೆ. ಪುಲಿಗೆರೆ ಮುನ್ನೂರು ಎಂಬ ನಾಡಿಗೆ ಇದು ರಾಜಧಾನಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ಪ್ರದೇಶವನ್ನು ಹೇಳುವಾಗ ಎಣಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಶಂಖ ಬಸದಿ, ಅನಂತನಾಥ ಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ಸೋಮೇಶ್ವರ ದೇವಾಲಯ, ಇವೆಲ್ಲವೂ ಒಂದೇ ಊರಿನಲ್ಲಿವೆ.

ಸೋಮೇಶ್ವರ ದೇವಾಲಯವು ಹನ್ನೊಂದನೆಯ ಶತಮಾನದ ಚಾಲುಕ್ಯ ಶೈಲಿಯದು. ಸುತ್ತಲೂ ಕೋಟೆಯಂತಹ ಎತ್ತರದ ಪ್ರಾಕಾರ, ಮೂರು ದಿಕ್ಕಿಗೆ ದ್ವಾರಗಳು, ಆವರಣದಲ್ಲಿ ಚಿಕ್ಕ ಚಿಕ್ಕ ಗುಡಿಗಳು, ಒಂದು ತೆರೆದ ಬಾವಿ. ಮುಖಮಂಟಪ, ನವರಂಗ, ಅಂತರಾಳಗಳನ್ನು ದಾಟಿ ಗರ್ಭಗೃಹದ ಮುಂದೆ ನಿಂತರೆ, ಅಲ್ಲಿ ನಮಗೆ ಕಾಣುವುದು ಲಿಂಗವಲ್ಲ. ನಂದಿಯನ್ನೇರಿ ಕುಳಿತ ಶಿವಪಾರ್ವತಿಯರ ಮೂರ್ತಿ. ಶಿವಾಲಯಗಳ ಗರ್ಭಗೃಹದಲ್ಲಿ ಇಂತಹ ಮೂರ್ತಿಯು ದೊರೆಯುವುದು ವಿರಳ. ಮೇ ತಿಂಗಳ ಕೊನೆಯ ದಿನಗಳಲ್ಲಿ ಮುಂಜಾನೆಯ ಸೂರ್ಯನ ಕಿರಣಗಳು ಈ ಮೂರ್ತಿಯ ಮೇಲೆ ಬೀಳುವುದನ್ನು ನೋಡಲು ಭಕ್ತರು ಸೇರುತ್ತಾರೆ. ಶಿಥಿಲಗೊಂಡಿದ್ದ ಈ ದೇವಾಲಯವು 2010ರ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡಿತು.

ಈ ದೇವರನ್ನು ಇಲ್ಲಿಗೆ ತಂದವನು ಆದಯ್ಯ. ಹರಿಹರನು ಆದಯ್ಯನ ರಗಳೆಯಲ್ಲಿಯೂ ರಾಘವಾಂಕನು ಸೋಮನಾಥ ಚಾರಿತ್ರದಲ್ಲಿಯೂ ಹೇಳಿರುವ ಕಥೆ ಬಂಧುಗಳಿಗೆ ತಿಳಿದೇ ಇದೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯನು ಇಲ್ಲಿಯ ಜೈನ ಕನ್ಯೆ ಪದ್ಮಾವತಿಯನ್ನು ಮೆಚ್ಚಿ ಮದುವೆಯಾದನು. ಶಿವಭಕ್ತರಿಗೆಂದು ಮಾಡಿಸಿದ ಅಡುಗೆಯ ವಿಷಯದಲ್ಲಿ ಮಾವನ ಮನೆಯಲ್ಲಿ ಮನಸ್ತಾಪವುಂಟಾಯಿತು. ಸೌರಾಷ್ಟ್ರದ ಸೋಮನಾಥನನ್ನೇ ಈ ಊರಿಗೆ ತರುವೆನೆಂದು ಆತನು ಪಣ ತೊಟ್ಟು ಹೊರಟನು. ಕಥೆಯ ಮುಂದಿನ ಭಾಗದಲ್ಲಿ ಬರುವ ಮತದ ಜಗಳ ಆ ಕಾಲದ್ದು. ಇಂದು ಬಸದಿಯೂ ಗುಡಿಯೂ ಒಂದೇ ಊರಿನಲ್ಲಿ ಪೂಜೆಗೊಳ್ಳುತ್ತಿರುವಾಗ ಅದನ್ನು ಕೆದಕುವ ಅಗತ್ಯವಿಲ್ಲ. ನನ್ನ ಮನಸ್ಸಿನಲ್ಲಿ ನಿಂತದ್ದು ಕಥೆಯ ಮೊದಲ ಭಾಗ. ಇಷ್ಟು ದೊಡ್ಡ ದೇವಾಲಯದ ಕಥೆ ಹುಟ್ಟಿದ್ದು ಹಸಿದು ಬಂದವರ ಊಟದ ಎಲೆಯಿಂದ. ಅಂದರೆ ದಾಸೋಹದಿಂದ.

ಮೂರ್ತಿಗೆ ಬಿಲ್ವಪತ್ರೆ ಅರ್ಪಿಸಿ ಹೊರಗೆ ಕುಳಿತಾಗ ಮೊಮ್ಮಗಳು ನನ್ನನ್ನು ಕೇಳಿದಳು: "ಸಣ್ಣಜ್ಜಾ, ನಮ್ಮ ಕೊರಳಾಗ ಲಿಂಗ ಐತಿ. ಶರೀರನ ಗುಡಿ ಮಾಡಿಕೋರಿ ಅಂತ ಬಸವಣ್ಣನವರು ಹೇಳ್ಯಾರ. ಮತ್ತ ನಾವು ಗುಡಿಗೆ ಬರೋದು ತಪ್ಪಲ್ಲೇನು?"

ಈ ಪ್ರಶ್ನೆ ಇಂದಿನ ಮಕ್ಕಳು ಕೇಳಬೇಕಾದದ್ದೇ. ಉತ್ತರವನ್ನು ನಾನು ಆದಯ್ಯನಿಂದಲೇ ಹೇಳಿದೆ. ಆದಯ್ಯನು ವಚನಗಳನ್ನು ಬರೆದ ಶರಣನೂ ಹೌದು. ಆತನ ಅಂಕಿತ ಸೌರಾಷ್ಟ್ರ ಸೋಮೇಶ್ವರ. ಬಸವಣ್ಣನವರ ಅಂಕಿತದಲ್ಲಿ ಕೂಡಲಸಂಗಮದ ಸಂಗಮನಾಥನಿದ್ದಾನೆ. ಶರಣರು ಸ್ಥಾವರಕ್ಕೆ ಜೋತು ಬೀಳಬೇಡಿರೆಂದು ಎಚ್ಚರಿಸಿದರು. ಆದರೆ ತಾವು ನಿಂತು ನಮಿಸಿದ ಸ್ಥಳದ ಹೆಸರನ್ನು ಮರೆಯಲಿಲ್ಲ. ಇದರ ಮುಂದೆ ನಾನು ಹೇಳಿದ್ದು ನನ್ನದಲ್ಲ, ಅವ್ವನದು.

ಅವ್ವ ಓದಿದವರಲ್ಲ. ನಸುಕಿನಲ್ಲೆದ್ದು ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸದೆ ಬಾಯಿಗೆ ನೀರು ಹಾಕಿದವರಲ್ಲ. ಸೋಮವಾರ ಗುಡಿಗೆ ಹೊರಟಾಗ ಅವರ ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ನಾಲ್ಕು ರೊಟ್ಟಿ. ಗುಡಿಯನ್ನು ಉಡುಗಿ, ಕಟ್ಟೆಯ ಮೇಲೆ ಕುಳಿತ ಹಸಿದವರಿಗೆ ರೊಟ್ಟಿ ಕೊಟ್ಟು ಬರುತ್ತಿದ್ದರು. ಹೂವು, ಕಾಯಿ ಒಯ್ದದ್ದು ಅಪರೂಪ. ಒಮ್ಮೆ ನಾನೇ ಕೇಳಿದ್ದೆ. "ನನ್ನ ಪೂಜಿ ಅಂಗೈಯಾಗಿನ ಲಿಂಗಕ್ಕಪಾ. ಗುಡಿಗೇನಿದ್ದರೂ ಕಸಬರಿಗಿ. ಕಟ್ಟಿದವರು ದುಡದಾರ, ನಾವು ಉಡಗಲೂ ಬಾರದೇನು?" ಎಂದಿದ್ದರು.

ಈ ಮಾತಿನ ಅರ್ಥ ನನಗೆ ಆ ಸಂಜೆ ಸೋಮೇಶ್ವರನ ಕಟ್ಟೆಯ ಮೇಲೆ ತಿಳಿಯಿತು. ಕಲ್ಲು ಕಡಿದವನದು ಕಾಯಕ. ಭೂಮಿ ಬಿಟ್ಟವನದು ದಾಸೋಹ. ಶರಣರು ನಮಗೆ ಬಿಟ್ಟುಹೋದ ಎರಡು ದೊಡ್ಡ ಮಾತುಗಳೂ ಗುಡಿಯ ಗೋಡೆಯಲ್ಲಿ ಒಂದರ ಮೇಲೊಂದು ಕುಳಿತಿವೆ. ಇಷ್ಟಲಿಂಗಧಾರಿಯಾದವನು ಕಲ್ಲನ್ನು ದೇವರೆಂದು ನಂಬಲಿ, ಬಿಡಲಿ. ಇನ್ನೊಬ್ಬರ ಕಾಯಕವನ್ನು ಬಣ್ಣ ಬಳಿದು ಮುಚ್ಚುವ ಅಧಿಕಾರ ಅವನಿಗಿಲ್ಲ. ನಾನು ಆ ಅಪರಾಧವನ್ನು ಭಕ್ತಿಯಿಂದಲೇ ಮಾಡಿದ್ದೆ. ಭಕ್ತಿಯಿಂದ ಮಾಡಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಮರಳಿ ಬರುವಾಗ ಅಣ್ಣನವರು ಶಿರಹಟ್ಟಿ ದಾಟುವವರೆಗೆ ಮಾತನಾಡಲಿಲ್ಲ. ಆಮೇಲೆ, "ಗ್ರಾನೈಟ್ ಬ್ಯಾಡ ಬಿಡು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆದರ ಅವ್ವನ ಹೆಸರು ಎಲ್ಲೆರ ಒಂದು ಕಡೆ ಇರಬೇಕು ತಮ್ಮಾ" ಎಂದರು. ಹಿರಿಯ ಮಗನ ಆ ಆಸೆಯನ್ನು ಅಲ್ಲಗಳೆಯಲು ನನಗೆ ಮನಸ್ಸಾಗಲಿಲ್ಲ.

ಕಾರ್ತಿಕದಲ್ಲಿ ಪುಣ್ಯಸ್ಮರಣೆ ನಡೆಯಿತು. ತೆಗೆದಿರಿಸಿದ ಹಣದಲ್ಲಿ ಒಂದು ಭಾಗವನ್ನು ಅಂದಿನ ದಾಸೋಹಕ್ಕೆ ಬಳಸಿದೆವು. ಮಳೆಯ ನೀರು ಗುಡಿಯ ಬುಡದಲ್ಲಿ ನಿಲ್ಲುತ್ತಿತ್ತು; ಅದು ಹರಿದುಹೋಗಲು ಸ್ವಲ್ಪ ದೂರದಲ್ಲಿ ಕಾಲುವೆ ತೋಡಿಸಿದೆವು. ಛಾವಣಿಯ ಮೇಲೆ ಬೆಳೆದ ಸಣ್ಣ ಗಿಡಗಳನ್ನು ಬೇರು ದಪ್ಪಗಾಗುವ ಮೊದಲೇ ತೆಗೆಸಿದೆವು. ಗುಡಿಯಿಂದ ಆಚೆ ಬೇವಿನ ಗಿಡದ ಕೆಳಗೆ ಕುಳಿತುಕೊಳ್ಳಲು ಒಂದು ಕಟ್ಟೆ ಕಟ್ಟಿಸಿ, ಅದರ ಮೇಲೆ ಅಣ್ಣನವರ ಇಚ್ಛೆಯಂತೆ ಅವ್ವನ ಹೆಸರು ಬರೆಸಿದೆವು. ಸೋಮವಾರದ ಕಸಬರಿಗೆಯನ್ನು ಅತ್ತಿಗೆಯವರು ಹಿಡಿದಿದ್ದಾರೆ.

ಶಾಸನದ ಕಲ್ಲಿನ ಬಣ್ಣ ಇನ್ನೂ ಹಾಗೆಯೇ ಇದೆ. ತಂತಿಯ ಬ್ರಶ್ಶಿನಿಂದ ತಿಕ್ಕೋಣವೆಂದೂ ಆಸಿಡ್ ಹಾಕೋಣವೆಂದೂ ಊರ ಹುಡುಗರು ಉತ್ಸಾಹದಿಂದ ಮುಂದೆ ಬಂದರು. ಹಾಗೆ ಮಾಡಿದರೆ ಬಣ್ಣದ ಜೊತೆಗೆ ಅಕ್ಷರವೂ ಹೋದೀತೆಂದು ತಡೆದೆ. ತಿಳಿದವರಿಂದಲೇ ಮಾಡಿಸಬೇಕಾದ ಕೆಲಸವದು; ಅದಕ್ಕಾಗಿ ಅರ್ಜಿ ಬರೆದಿದ್ದೇನೆ. ಅಂದು ಪಡಿಯಚ್ಚು ತೆಗೆಯಲು ಬಂದು ಬರಿಗೈಯಲ್ಲಿ ಮರಳಿದವರು ಎಲ್ಲಿದ್ದಾರೋ ಅರಿಯೆ. ಆ ಕಲ್ಲನ್ನು ಒಮ್ಮೆ ಓದಿಸಿ, ಅದರಲ್ಲಿ ಹೆಸರಿರುವ ದಾನಿಗೂ ಅದನ್ನು ಕೆತ್ತಿದ ಕೈಗೂ ಶರಣೆಂದ ಮೇಲೆಯೇ ನನ್ನ ಲೆಕ್ಕ ಚುಕ್ತಾ ಆಗುವುದೆಂದು ತಿಳಿದಿದ್ದೇನೆ.

ಬಂಧುಗಳಲ್ಲಿ ನನ್ನದೊಂದೇ ಅರಿಕೆ. ನಿಮ್ಮೂರಿನ ಹಳೆಯ ಗುಡಿಗೆ ಹಿರಿಯರ ಹೆಸರಿನಲ್ಲಿ ಸೇವೆ ಸಲ್ಲಿಸುವ ಮನಸ್ಸಾದರೆ ಅವಶ್ಯವಾಗಿ ಸಲ್ಲಿಸಿರಿ. ಆದರೆ ಬಣ್ಣದ ಡಬ್ಬಿ ತರಿಸುವ ಮೊದಲು ಒಂದು ಕಸಬರಿಗೆ ತೆಗೆದುಕೊಂಡು ಹೋಗಿ, ಗುಡಿಯ ಮೂಲೆಮೂಲೆಯನ್ನು ಉಡುಗಿ ನೋಡಿರಿ. ಉಡುಗುವಾಗ ಕಂಬದ ಬುಡದಲ್ಲಿ, ಹೊಸ್ತಿಲ ಬದಿಯಲ್ಲಿ, ಗೋಡೆಗೊರಗಿದ ಯಾವುದೋ ಕಲ್ಲಿನಲ್ಲಿ ಅಕ್ಷರ ಕಂಡೀತು. ಕಂಡರೆ ಅದನ್ನು ಮುಚ್ಚಬೇಡಿರಿ.